ಮೂರನೇ ಮೆಟ್ಟಿಲಿನ ಶೀಲಾನ್

ಪ್ರತಿ ದಸರೆಗೂ ಒಂದಾದರೂ ಹೊಸ ಗೊಂಬೆ ಕೂರಿಸಬೇಕೆಂಬುದು ನಮ್ಮ ಮೈಸೂರು ಕಡೆಯ ಪದ್ಧತಿ. ಅಮೆರಿಕದ ಕಮ್ಮಿಂಗ್ ಊರಿನ ನಮ್ಮ ಮನೆಗೆ ೨೦೨೫ರ ಹೊಸ ಗೊಂಬೆಯನ್ನು ಮಾಡಿಕೊಟ್ಟವಳು ಪಕ್ಕದ ಮನೆಯ ಬೇರಿವಾನ್. ನಾನೇ ಕೇಳಿದ್ದೆ. “ನಿಮ್ಮ ಊರಿನದೊಂದು ಗೊಂಬೆ ಮಾಡಿಕೊಡು, ನಮ್ಮ ದೇವರ ಜೊತೆ ಕೂರಿಸ್ತೀನಿ” ಅಂದಿದ್ದೆ. ಉದಾರಿಯಾಗುವುದು ನನಗೆ ಬಹಳ ಇಷ್ಟ, ಏನೂ ಕಳೆದುಕೊಳ್ಳಬೇಕಿಲ್ಲದಾಗ.

ಬೇರಿವಾನ್ ಕುರ್ದಿಷ್ ಹೆಂಗಸು, ಸಿರಿಯಾದ ಖಾಮಿಶ್ಲಿಯವಳು. ಇಲ್ಲಿ ಬಟ್ಟೆ ಆಲ್ಟರೇಶನ್ ಮಾಡುತ್ತಾಳೆ; ನನ್ನ ರವಿಕೆಗಳನ್ನು ಸರಿಮಾಡುವವಳೂ ಅವಳೇ. ಅವಳು ತಂದದ್ದು ಗೇಣುದ್ದದ ಹುಡುಗಿಯನ್ನು. ಒಳಗೆ ಕಡ್ಡಿ, ಮೇಲೆ ಬಟ್ಟೆ. ಹಸಿರು ಸಮವಸ್ತ್ರ, ಹೂವಿನ ತಲೆವಸ್ತ್ರ, ಉದ್ದ ಜಡೆ, ಹೆಗಲಲ್ಲಿ ಕರಿದಾರ ಸುತ್ತಿದ ಪುಟ್ಟ ಬಂದೂಕು.

“ನನ್ನ ತಂಗಿ ಶೀಲಾನ್” ಎಂದಳು.

ಐಸಿಸ್ ವಿರುದ್ಧ ಹೋರಾಡಿ ರಖ್ಖಾದಲ್ಲಿ ಸತ್ತವಳು. ಅವಳನ್ನು ಮಣ್ಣು ಮಾಡುವಾಗ ಅಮೆರಿಕದ ಸೈನಿಕರೂ ಟೋಪಿ ತೆಗೆದು ನಿಂತಿದ್ದರಂತೆ. ಕೇಳಿ ನಾನು ಅತ್ತುಬಿಟ್ಟೆ. ಮೂರನೇ ಮೆಟ್ಟಿಲಿನಲ್ಲಿ, ದುರ್ಗೆಯ ನೇರ ಕೆಳಗೆ ಶೀಲಾನಳನ್ನು ಕೂರಿಸಿ, ಫೋಟೋ ತೆಗೆದು ಕನ್ನಡದವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ.

ಮಾರನೆಯ ದಿನ ಅರಿಶಿನ ಕುಂಕುಮಕ್ಕೆ ಬಂದ ಅಲಮೇಲು ಆಂಟಿ ಕನ್ನಡಕ ಸರಿಮಾಡಿಕೊಂಡರು.

“ಇದ್ಯಾರೇ ಮಧುರಾ, ಗನ್ ಹಿಡ್ಕೊಂಡು?”

ಹೇಳಿದೆ.

“ಅಯ್ಯೋ, ಅವರು ಟೆರರಿಸ್ಟ್ ಲಿಸ್ಟಲ್ಲಿ ಇದಾರಲ್ವೇನೇ?”

“ಅದು ಟರ್ಕಿ ವಿರುದ್ಧ ಹೊಡೆದಾಡಿದ ಕುರ್ದಿಷ್ ಗುಂಪು, ಪಿಕೆಕೆ, ಆಂಟಿ. ಇವಳಿದ್ದದ್ದು ಸಿರಿಯಾದ ಗುಂಪಲ್ಲಿ. ಅವರಿಗೆ ಗನ್ ಕೊಟ್ಟಿದ್ದೇ ಅಮೆರಿಕ.”

“ಎರಡೂ ಒಂದೇ ಅಂತಾರಂತಲ್ಲೇ ಟರ್ಕಿಯವರು, ನಮ್ಮನೆಯವರು ಯೂಟ್ಯೂಬಲ್ಲಿ ನೋಡಿದ್ರು. ನಿಮ್ಮ ಗ್ರೀನ್ ಕಾರ್ಡ್ ಇಂಟರ್‌ವ್ಯೂ ನೆಕ್ಸ್ಟ್ ಮಂತ್ ಅಲ್ವಾ? ಆಫೀಸರ್‌ಗೂ ಇದೇ ಲೆಕ್ಚರ್ ಕೊಡ್ತೀಯಾ?” ಎಂದು ನಕ್ಕು ಕೋಸಂಬರಿಗೆ ಕೈಚಾಚಿದರು.

ನನ್ನ ಗಂಡ ವಿಘ್ನೇಶ್ ನಗಲಿಲ್ಲ. ಹನ್ನೆರಡು ವರ್ಷ ಕಾದ ಗ್ರೀನ್ ಕಾರ್ಡ್. ಆಂಟಿಯ ಕಾರು ತಿರುವು ದಾಟುವಷ್ಟರಲ್ಲಿ, “ಫೋಟೋ ಡಿಲೀಟ್ ಮಾಡು. ಆ ಗೊಂಬೆ ತೆಗಿ” ಎಂದ.

“ಕೂರಿಸಿದ ಗೊಂಬೇನ ವಿಜಯದಶಮಿಗೆ ಮುಂಚೆ ಎತ್ತಬಾರದು ಕಣೋ.”

“ನಮ್ಮನ್ನೇ ಎತ್ತಿ ಕಳಿಸಿದ್ರೆ?”

ಅಮೆರಿಕಕ್ಕೆ ಬೇಕಾದಾಗ ಆ ಹುಡುಗಿಯರು ವೀರರು. ಟರ್ಕಿ ಗದರಿದಾಗ ತಲೆನೋವು. ೨೦೧೯ರಲ್ಲಿ ಟರ್ಕಿಯ ಅಧ್ಯಕ್ಷನ ಜೊತೆ ಒಂದು ಫೋನ್ ಮಾತುಕತೆಯಾದ ಮೇಲೆ ಗಡಿಯಿಂದ ತನ್ನ ಸೈನಿಕರನ್ನು ಸರಿಸಿ, ಜೊತೆಗೆ ಹೋರಾಡಿದವರನ್ನು ಟರ್ಕಿಯ ಬಾಂಬುಗಳ ಕೆಳಗೆ ಬಿಟ್ಟ ದೇಶವಿದು. ಇದನ್ನೆಲ್ಲ ನಮ್ಮ ಓದುಬಳಗದಲ್ಲಿ ಮೇಜು ಗುದ್ದಿ ಮಾತಾಡಿದವಳು ನಾನು. ದ್ರೋಹ ಎಂಬ ಪದವನ್ನು ಎಷ್ಟು ಸಲ ಬಳಸಿದ್ದೆನೋ! ಅಂದು ಮಾತ್ರ ಮೊದಲು ಫೋಟೋ ಅಳಿಸಿದೆ. ಎಂಟು ಕೈಯಲ್ಲೂ ಆಯುಧ ಹಿಡಿದ ದುರ್ಗೆಯನ್ನು ಅಲ್ಲೇ ಬಿಟ್ಟು, ಕಡ್ಡಿ ಬಂದೂಕಿನ ಹುಡುಗಿಯನ್ನು ಎತ್ತಿ ಗರಾಜಿನಲ್ಲಿ ಡಿಟರ್ಜೆಂಟ್ ಡಬ್ಬದ ಹಿಂದೆ ಇಟ್ಟೆ.

ಐದನೆಯ ದಿನ ಬೇರಿವಾನ್ ಖರ್ಜೂರದ ಬಿಸ್ಕತ್ತು ಮಾಡಿಕೊಂಡು ಬಂದಳು. ಬಂದವಳೇ ಮೂರನೇ ಮೆಟ್ಟಿಲು ನೋಡಿದಳು. ಅಲ್ಲೀಗ ದಿನಸಿ ಅಂಗಡಿಯ ಶೆಟ್ಟಿ ದಂಪತಿ ಕೂತಿದ್ದರು.

“ಶೀಲಾನ್ ಎಲ್ಲಿ?” ನಮ್ಮಿಬ್ಬರ ಮಾತು ಯಾವಾಗಲೂ ಇಂಗ್ಲಿಷಿನಲ್ಲೇ.

“ಬಿದ್ದು ಮುರಿದುಹೋಯ್ತು. ಸಾರಿ, ಬೇರಿವಾನ್.”

“ಅಷ್ಟೇನಾ? ತಗೊಂಡು ಬಾ, ಸರಿಮಾಡ್ತೀನಿ. ಸೂಜಿದಾರ ಬ್ಯಾಗಲ್ಲೇ ಇದೆ.”

ಗರಾಜಿನಲ್ಲಿ ಗೊಂಬೆ ಇಟ್ಟ ಹಾಗೇ ಇತ್ತು. ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. ಕಾಫಿಗೆ ಸಕ್ಕರೆ ಎಷ್ಟು ಎಂದು ವಿಘ್ನೇಶ್ ಅವಳನ್ನು ಕೇಳುವುದು ಒಳಗಿನಿಂದ ಕೇಳಿಸುತ್ತಿತ್ತು. ಗೊಂಬೆಯನ್ನು ಹಾಗೇ ಒಯ್ದು ನಿಜ ಹೇಳಿಬಿಡಬಹುದಿತ್ತು. ಹೇಳಿದ್ದರೆ ಏನಾಗುತ್ತಿತ್ತು? ಒಬ್ಬ ಹೆಂಗಸಿನ ಮುಂದೆ ತಲೆ ತಗ್ಗಿಸಬೇಕಿತ್ತು, ಅಷ್ಟೇ. ನನಗೆ ಅದೂ ಆಗಲಿಲ್ಲ. ಶೀಲಾನಳ ಬಲತೋಳು ಹಿಡಿದು ಹಿಂದಕ್ಕೆ ತಿರುಚಿದೆ. ಕಡ್ಡಿ ಗಟ್ಟಿಯಿತ್ತು. ಎರಡು ಸಲ ತಿರುಚಬೇಕಾಯಿತು.

ಬೇರಿವಾನ್ ಜೋತಾಡುವ ತೋಳನ್ನು ಬೆರಳಿನಿಂದ ಸವರಿ ನೋಡಿದಳು.

“ತಪ್ಪು ನನ್ನದು,” ಎಂದಳು. “ಇನ್ನೂ ಗಟ್ಟಿ ಕಡ್ಡಿ ಹಾಕಬೇಕಿತ್ತು. ನಿನ್ನ ಹಬ್ಬ ಕೆಡಿಸಿದೆ. ನಾಳೆ ಬದಲಾಯಿಸಿ ತರ್ತೀನಿ, ಅದೇ ಜಾಗದಲ್ಲಿ ಕೂರಿಸು.”

ವಿಘ್ನೇಶ್ ನನ್ನ ಕಡೆ ನೋಡಿದ.

“ಬೇಡ,” ಎಂದೆ. “ಹಬ್ಬ ಇವತ್ತಿಗೆ ಮುಗೀತು. ಈಗ ಎಲ್ಲಾ ಎತ್ತಿಬಿಡ್ತೀವಿ.”

ವಿಜಯದಶಮಿ ಇನ್ನೂ ದೂರವಿತ್ತು. ಅವಳಿಗೆ ಅದು ಹೇಗೆ ಗೊತ್ತಾಗಬೇಕು? ಕೊಟ್ಟ ಕುಂಕುಮವನ್ನು ಹಣೆಗಿಟ್ಟುಕೊಂಡು, ತಂಗಿಯನ್ನು ಶಾಲಿನಲ್ಲಿ ಸುತ್ತಿ, ಹುಲ್ಲು ದಾಟಿ ಮನೆಗೆ ಹೋದಳು.

ಅವಳ ಅಡುಗೆಮನೆಯ ಕಿಟಕಿಯಿಂದ ಗೊಂಬೆ ಕೂರಿಸಿದ ನಮ್ಮ ನಡುಮನೆ ಪೂರ್ತಿ ಕಾಣುತ್ತದೆ. ವಿಘ್ನೇಶ್ ಖಾಲಿ ಪೆಟ್ಟಿಗೆಗಳನ್ನು ತಂದಿಟ್ಟ. ನಾನು ದುರ್ಗೆಯಿಂದಲೇ ಶುರುಮಾಡಿ ಒಂದೊಂದೇ ಗೊಂಬೆ ಇಳಿಸತೊಡಗಿದೆ.