ಕುಂದಗೋಳದ ಹಳೇ ಸರ್ವರ್

ಜಹೀರಾ ಅಂಥ ಸಿಟ್ಟಿನ ಹುಡುಗಿಯೇನಲ್ಲ. ಆದರೆ ಆ ಸೋಮವಾರ ಬೆಳಿಗ್ಗೆ ಹುಬ್ಬಳ್ಳಿಯ ತನ್ನ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಫೈರ್‌ವಾಲ್ ಜೊತೆ ಜಗಳಕ್ಕೆ ಬಿದ್ದಿದ್ದಳು. ಕುಂದಗೋಳದ ಸಂಗೀತ ಸಭೆಯಲ್ಲಿ ಆ ಡಬ್ಬಿಯನ್ನು ಹೋದ ಬುಧವಾರ ಕೂಡಿಸಿ ಬಂದವಳು ಅವಳೇ. ಹೊರಗಿನಿಂದ ಬರುವವರಲ್ಲಿ ಗುರುತಿನವರನ್ನು ಮಾತ್ರ ಒಳಗೆ ಬಿಡುವುದು ಅದರ ಕೆಲಸ. ಒಳಗಿರುವುದು ಇಪ್ಪತ್ತೆರಡು ವರ್ಷದ ಹಳೇ ಸರ್ವರ್. ಸಭೆಯಲ್ಲಿ ನಡೆದ ಗಾಯನ ಬೈಠಕ್ಕುಗಳ ಧ್ವನಿಮುದ್ರಣಗಳೆಲ್ಲ ಅದರ ಹೊಟ್ಟೆಯಲ್ಲಿದ್ದವು, ಬೇರೆ ಯಾವ ಯಂತ್ರಕ್ಕೆ ಹಾಕಿದರೂ ಬಾಯಿ ಬಿಡುತ್ತಿರಲಿಲ್ಲ.

ಸಭೆಯ ಹೊಸ ಅಧ್ಯಕ್ಷ ಹೇಮಂತನಿಗೆ ಆ ಸರ್ವರ್ ಕಂಡರಾಗದು. ಸೋಮವಾರ ಹನ್ನೊಂದಕ್ಕೆ ಧಾರವಾಡದಲ್ಲಿ ಸಮಿತಿ ಸೇರುತ್ತದೆ, ಅಲ್ಲಿಂದಲೇ ಅದನ್ನು ತೆರೆದು ಒಂದು ಹಾಡು ಕೇಳಿಸಿದರೆ ಸರಿ, ಇಲ್ಲದಿದ್ದರೆ ಗುಜರಿಗೆ ಎಂದು ಹೇಳಿಬಿಟ್ಟಿದ್ದ. ಹಾಗೆ ಗುಜರಿಗೆ ಹೋಗುವುದರಲ್ಲಿ ಜಹೀರಾಳ ತೀರಿಹೋದ ಅಜ್ಜ ಖಾಜಾಸಾಬರ ತಬಲಾವೂ ಇತ್ತು. ಅವರ ಕೈಯ ಸಪ್ಪಳ ಲೋಕದಲ್ಲಿ ಉಳಿದಿರುವುದು ಆ ಒಂದು ಬೈಠಕ್ಕಿನಲ್ಲಿ ಮಾತ್ರ. ಅದಕ್ಕೇ ಅವಳು, "ನಡೀತೈತ್ರಿ, ಅದಕ್ಕ ನಾ ಜವಾಬ್ದಾರಿ" ಎಂದು ಎದೆ ತಟ್ಟಿ ಹೇಳಿ ಬಂದಿದ್ದಳು.

ಬುಧವಾರದಿಂದ ಭಾನುವಾರದವರೆಗೆ ಎಲ್ಲ ಬೆಣ್ಣೆಯಂತೆ ನಡೆದಿತ್ತು. ಇವತ್ತು ಮಾತ್ರ ಉತ್ತರವೇ ಇಲ್ಲ. ನಾನು ಒಳಗೆ ಬಿಟ್ಟಿದ್ದೇನೆ, ಒಳಗಿನವರೇ ಮಾತಾಡುತ್ತಿಲ್ಲ ಎಂದು ಫೈರ್‌ವಾಲ್ ತನ್ನ ದಾಖಲೆಯಲ್ಲಿ ಸಾಲುಸಾಲಾಗಿ ಬರೆದುಕೊಂಡಿತ್ತು. ಜಹೀರಾ ನಂಬಲಿಲ್ಲ. ಒಂದು ನಿಯಮ ತಿದ್ದಿದಳು, ಇನ್ನೊಂದನ್ನು ಮುಚ್ಚಿ ತೆರೆದಳು, ಕೊನೆಗೆ ಸಿಟ್ಟಿನಲ್ಲಿ ಎರಡನ್ನು ಅಳಿಸಿಯೇಬಿಟ್ಟಳು.

ಬೇರೆ ಗಿರಾಕಿಯಾಗಿದ್ದರೆ ಅವಳ ಮೊದಲ ಪ್ರಶ್ನೆ "ಸ್ವಿಚ್ ಹಾಕೀರೇನ್ರಿ?" ಎಂಬುದೇ. ಆದರೆ ಆ ಸರ್ವರನ್ನು ಬಂದ ದಿನದಿಂದ ಜೋಪಾನ ಮಾಡಿದವರು ಈರಬಸಪ್ಪ ಕಾಕಾ, ಅಜ್ಜನ ಜೀವದ ಗೆಳೆಯ. ಅವರನ್ನು ಹಾಗೆ ಕೇಳುವುದುಂಟೆ? ಮರ್ಯಾದೆ ಅಡ್ಡ ಬಂತು. ಹತ್ತು ಗಂಟೆಗೆ ಸ್ಕೂಟಿ ಹತ್ತಿ ಕುಂದಗೋಳದ ದಾರಿ ಹಿಡಿದಳು.

ಸಭೆಗೆ ಸೋಮವಾರ ಬೀಗ. ಬಾಜು ಮನೆಯಿಂದ ಈರಬಸಪ್ಪ ಕೀಲಿ ತಂದು ತೆರೆದರು, ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಒಳಗೆ ಫೈರ್‌ವಾಲ್ ಪಾಪ ಪಿಳಿಪಿಳಿ ಕಣ್ಣು ಬಿಡುತ್ತಿತ್ತು. ಪಕ್ಕದ ಸರ್ವರಿಗೂ ವಿಭೂತಿಯ ಮೂರು ಪಟ್ಟೆ, ಮೇಲೊಂದು ಮಡಿ ಧೋತರ, ತಲೆಯ ಮೇಲೆ ದಾಸವಾಳ. ಕರೆಂಟಿನ ವೈರು ಮಾತ್ರ ಚೆಂದವಾಗಿ ಸುತ್ತಿ ಇಟ್ಟಿತ್ತು.

"ಕಾಕಾ, ವೈರ್ ಯಾಕ ಕಿತ್ತೀರಿ!"

"ಇವತ್ತ ಸೋಮವಾರ ಅಲ್ಲೇನವಾ? ಸೋಮವಾರ ಎತ್ತು ಹೂಡ್ತಾರೇನು? ಆರು ದಿನ ದುಡಿತೈತಿ, ಒಂದು ದಿನ ಸೂಟಿ. ಮೊದಲಿಂದನೂ ಇದ ಪದ್ಧತಿ."

"ಇವತ್ತ ಹನ್ನೊಂದಕ್ಕ ಪರೀಕ್ಷಾ ಐತಿ ಅಂತ ಹೇಳಿದ್ನೆಲ್ರಿ?"

"ಹೇಳಿದ್ದಿ, ಧಾರವಾಡದಾಗ ಅಂದಿದ್ದಿ. ಅವರು ಅಲ್ಲೆ ತಮ್ಮ ಕಂಪ್ಯೂಟರ್‌ದಾಗ ಕೇಳಿದ್ರ, ಇಲ್ಲೆ ಇದಕ್ಕೇನ್ ಕೆಲಸ ಅಂತ ಬಿಟ್ಟೆ."

ಜಹೀರಾಗೆ ನಗು ಬಂತು. ಗಡಿಯಾರ ನೋಡಿದಳು, ಬಂದ ನಗು ಹೋಯಿತು. ಹತ್ತೂ ಮುಕ್ಕಾಲು, ಈ ಮುದುಕ ಸರ್ವರ್ ಏಳಬೇಕಾದರೆ ಹತ್ತು ನಿಮಿಷ ಬೇಕು.

"ಅಲ್ಲೆ ಕೇಳೋದು ಇದರ ಹೊಟ್ಟ್ಯಾಗಿನ ಹಾಡ್ರಿ ಕಾಕಾ. ಇವತ್ತ ಏಳಲಿಲ್ಲಂದ್ರ ನಾಳಿ ಗುಜರಿಗೆ ಹೋಗ್ತೈತಿ."

ಈರಬಸಪ್ಪನವರ ಮುಖ ಸಣ್ಣದಾಯಿತು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸೋಮವಾರವನ್ನೂ ತಪ್ಪಿಸಿದವರಲ್ಲ. ಧೋತರ ತೆಗೆದು, ಸರ್ವರಿನ ಬೆನ್ನ ಮೇಲೆ ಕೈಯಿಟ್ಟು, "ಖಾಜಾನ ಸಲುವಾಗಿ ಇದೊಂದ್ ಸಲ ಏಳಪಾ" ಎಂದರು. ವೈರನ್ನು ತಾವೇ ಚುಚ್ಚಿದರು.

ಅದು ನರಳಿತು, ಕೆಮ್ಮಿತು, ಹನ್ನೊಂದಕ್ಕೆ ಮೂರು ನಿಮಿಷವಿರುವಾಗ ಹಸಿರು ದೀಪ ಹೊತ್ತಿಸಿತು. ಹನ್ನೊಂದು ಹೊಡೆದದ್ದೇ ಧಾರವಾಡದಿಂದ ಹೇಮಂತನ ಫೋನು. "ಇನ್ನೂ ಬರವಲ್ದ್ರಿ! ಗುಜರಿಯವಗ ಹೇಳ್ಲೇನು?"

ಬೆಳಿಗ್ಗೆ ತಾನು ಅಳಿಸಿದ, ಗುರುತಿನವರನ್ನು ಒಳಗೆ ಬಿಡುವ ಆ ಎರಡು ನಿಯಮ ಜಹೀರಾಗೆ ನೆನಪಾದದ್ದು ಆಗ. ಪಾಪದ ಡಬ್ಬಿ ಮುಂಜಾನೆಯಿಂದ ಖರೇನೇ ಹೇಳುತ್ತಿತ್ತು, ಕೇಳದೆ ಅದರ ಬಾಯಿ ಮುಚ್ಚಿಸಿದವಳು ತಾನು. ನಾಚಿಕೆಯಿಂದಲೇ ಲ್ಯಾಪ್‌ಟಾಪ್ ತೆರೆದು ಎರಡನ್ನೂ ಮತ್ತೆ ಬರೆದಳು.

ಫೋನಿನೊಳಗಿಂದ ಮೊದಲು ತಂಬೂರಿ ಕೇಳಿತು, ಆಮೇಲೆ ಅಜ್ಜನ ತಬಲಾ. ಈರಬಸಪ್ಪನವರ ಬೆರಳು ತೊಡೆಯ ಮೇಲೆ ತಾಳ ಎಣಿಸತೊಡಗಿತು. ಜಹೀರಾ ಗೋಡೆಯ ಕಡೆ ತಿರುಗಿ ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡಳು. ಹಾಡು ಮುಗಿದ ಮೇಲೆ ಹೇಮಂತ, "ಇದನ್ನ ಮತ್ತೊಮ್ಮೆ ಹಚ್ಚಲೇನ್ರಿ?" ಎಂದ. ಗುಜರಿಯವನ ಸುದ್ದಿ ಎತ್ತಲಿಲ್ಲ.

ಮರುದಿನ ಮಂಗಳವಾರ ಈರಬಸಪ್ಪ ವೈರು ಕಿತ್ತು ತಪ್ಪಿದ ಸೂಟಿ ತೀರಿಸಿದರು.

ಮುಂದಿನ ಸೋಮವಾರ ಹೇಮಂತನೇ ಜಹೀರಾಗೆ ಫೋನು ಮಾಡಿದ. ಅವನಿಗೀಗ ಆ ಹಾಡಿನ ಹುಚ್ಚು. "ಸರ್ವರ್ ತೆರಿವಲ್ದ್ರಿ. ಫೈರ್‌ವಾಲ್ ತಪ್ಪೇನು?"

"ಹೌದ್ರಿ, ಪೂರಾ ಅದರದ್ದ ತಪ್ಪು. ನಾಳಿ ತೆರಿತೈತ್ರಿ" ಎಂದಳು ಜಹೀರಾ.

ಹಿಂದಿನ ಸೋಮವಾರ ಕುಂದಗೋಳ ಬಿಡುವ ಮೊದಲು ಅವಳು ಫೈರ್‌ವಾಲಿಗೆ ಮೂರನೆಯ ನಿಯಮವೊಂದನ್ನೂ ಬರೆದು ಬಂದಿದ್ದಳು: ಸೋಮವಾರ ಯಾರನ್ನೂ ಒಳಗೆ ಬಿಡಬೇಡ, ಅಧ್ಯಕ್ಷರೇ ಬಂದರೂ ಸರಿ.