ಗಾಜಿಗಿಟ್ಟ ಅರಿಸಿನ

ಮೊಮ್ಮಗಳು ಜನನಿ ಉತ್ತಮಪಾಳಯದ ನಮ್ಮ ಮನೆಯಲ್ಲೇ ಒಂದು ಸೂಕ್ಷ್ಮದರ್ಶಕ ಕಟ್ಟಿದಳು. ಕಫಕ್ಕೆ ಬಣ್ಣ ಹಾಕಿ ನೀಲಿ ಬೆಳಕು ಬಿಟ್ಟರೆ, ಕ್ಷಯದ ಹುಳು ಹಳದಿ ಕಡ್ಡಿಯಂತೆ ಹೊಳೆಯುತ್ತದಂತೆ. ನೀಲಿಯನ್ನು ತಡೆಯಲು ಮೇಲೊಂದು ಬಣ್ಣದ ಗಾಜು. ಹೊಸ ಸಾಮಾನೆಂದು ನನ್ನ ಹೆಂಡತಿ ಕಾಮಾಕ್ಷಿಯಮ್ಮಾಳ್ ಆ ಗಾಜಿಗೆ ಅರಿಸಿನದ ಬೊಟ್ಟಿಟ್ಟಿದ್ದಳು.

ಅವಳ ಕಫವನ್ನೇ ಇಟ್ಟು ನೋಡಿದಾಗ ಎಲ್ಲೆಲ್ಲೂ ಹಳದಿ.

“ಅರಿಸಿನಾನೂ ಹಿಂಗೇ ಹೊಳೀತದೆ, ಪಾಟೀ,” ಎಂದಳು ಜನನಿ ಅಜ್ಜಿಗೆ.

“ಹಂಗಾದ್ರೆ ಅದು ನನ್ನ ಬೊಟ್ಟೇ, ಕಂದಾ. ನನಗೇನೂ ಇಲ್ಲ,” ಎಂದು ಇವಳು ನಕ್ಕು ಕೆಮ್ಮಿದಳು.

ಜನನಿ ಗಾಜು ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದಳು. ನೋಡಿದವಳು ಎದ್ದು ನನಗೆ ಜಾಗ ಬಿಟ್ಟಳು. ನಾನೂ ಬಗ್ಗಿದೆ. ಹಳದಿ ಮಬ್ಬು ಹೋಗಿ ಕಪ್ಪಾಗಿತ್ತು. ಆ ಕಪ್ಪಿನಲ್ಲಿ ಹಳದಿ ಕಡ್ಡಿಗಳು. ನಮ್ಮಣ್ಣ ಕೆಮ್ಮಿ ಕೆಮ್ಮಿ ಸತ್ತದ್ದು ನೆನಪಾಯಿತು.

“ಹೋಯ್ತಾ?” ಎಂದಳು ನನ್ನ ಹೆಂಡತಿ.

“ಅರಿಸಿನ ಹೋಯ್ತು,” ಎಂದೆ.