ಎಲ್ಲದಕ್ಕೂ ಒಪ್ಪಿಗೆ

“ನಿಮ್ಮಕ್ಕನ ಅಡ್ರೆಸ್ ಏನಯ್ಯ, ಮಿಲಿಟರಿ ಗುಟ್ಟಾ? ಕಿಮ್ಚಿ ಉಪ್ಪಿನಕಾಯಿ ಕಾರ್ಖಾನೇಲಿ ಕೋಸು ತೊಳೆಯೋ ಹೆಂಗಸು. ಅವಳ ಅಡ್ರೆಸ್ ಇಟ್ಕೊಂಡು ಯಾವನಿಗೇನಾಗ್ಬೇಕು?”

ಯಾರಿಗೆ ಸಿಗಬಾರದಿತ್ತೋ ಅವನಿಗೇ ಸಿಕ್ಕಿದೆ ಅಂತ ಹೇಳುವುದಕ್ಕೇ ನಾನು ಬಂದಿದ್ದು. ಹೇಳಲು ಬಿಡಬೇಕಲ್ಲ. ಮೇಜಿನ ಮೇಲೆ ಹಿತ್ತಾಳೆ ಫಲಕ, ನೋ ಜಿನ್‌ಬೇ ಅಂತ. ಸಿಯೋಲ್ ನಗರದ ಆ ಆನ್‌ಲೈನ್ ಅಂಗಡಿ ಕಂಪನಿಯಲ್ಲಿ ಗ್ರಾಹಕರ ದೂರು ಕೇಳುವ ದೊಡ್ಡ ಸಾಹೇಬ. ಪಾರ್ಸೆಲ್ ಹಂಚುವವನ ಅಂಗಿಯಲ್ಲಿದ್ದೆ ಅಂತ ಕೆಳಗೆ ಕಾವಲಿನವನು ನನ್ನನ್ನು ಸಾಮಾನಿನ ಲಿಫ್ಟಿಗೆ ನೂಕಿದ್ದ. ಇಲ್ಲಿ ಕುರ್ಚಿ ಖಾಲಿಯಿತ್ತು. ಕೂರು ಅನ್ನಲಿಲ್ಲ.

ಕಂಕುಳಲ್ಲಿದ್ದ ಡಬ್ಬ ತೆಗೆದು ಅವನ ಕಾಗದಗಳ ಮೇಲೆ ಬಿಚ್ಚಿದೆ. ಒಳಗೆ ಹೆಂಗಸಿನ ಒಂಟಿ ಚಪ್ಪಲಿ, ಎಡಗಾಲಿನದು.

“ಥೂ! ಯಾರದ್ದೋ ಹಳೇ ಚಪ್ಪಲಿ ತಂದು ನನ್ನ ಟೇಬಲ್ ಮೇಲಿಡ್ತೀಯಲ್ಲೋ!”

“ನಮ್ಮಕ್ಕಂದು ಸಾರ್. ಬಲಗಾಲಿಂದು ಮನೇಲದೆ.”

ಹೋದ ಚಳಿಗಾಲ ಅಕ್ಕ ನಮ್ಮೂರು ಹೆನಾಮ್‌ನಿಂದ ಓಡಿ ಬಂದದ್ದು ಒಂದೇ ಚಪ್ಪಲಿಯಲ್ಲಿ. ಗಂಡ ಚಾಂಗ್‌ಸಿಕ್ ಜುಟ್ಟು ಹಿಡಿದು ಎಳೆದಾಗ ಇನ್ನೊಂದು ಹೊಸ್ತಿಲಲ್ಲೇ ಬಿದ್ದಿತ್ತು. ಸಿಯೋಲ್ ಪಕ್ಕದ ಬುಚಾನ್‌ನ ನನ್ನ ನೆಲಮಾಳಿಗೆ ಕೋಣೆಗೆ ಬಂದು ಸೇರಿಕೊಂಡಳು. ಸರ್ಕಾರಿ ದಾಖಲೆಯಲ್ಲಿ ವಿಳಾಸ ಬದಲಿಸಲಿಲ್ಲ. ಅವ್ವನಿಗೂ ತಿಳಿಸಲಿಲ್ಲ. ಒಂಟಿ ಹೆಂಗಸರು ಇಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದಳು. ಬಾಗಿಲಲ್ಲಿ ನನ್ನ ದೊಡ್ಡ ಬೂಟು ಬಿಟ್ಟಳು, ಪಾರ್ಸೆಲ್ ತರಿಸುವಾಗ ಗಂಡಸಿನ ಹೆಸರು ಕೊಟ್ಟಳು. ಮಾ ದೋಲ್‌ಸ್ವೆ ಅಂತ. ಕೇಳಿದರೆ ಕಟುಕನೋ ಪೈಲ್ವಾನನೋ ಅನ್ನಿಸಬೇಕು. ನಾನು ಪಾರ್ಸೆಲ್ ಹಂಚುವ ದಾರಿಯಲ್ಲಿ ಇಂಥ ಪೈಲ್ವಾನರು ಬೇಕಾದಷ್ಟಿದ್ದಾರೆ. ಬಾಗಿಲು ಒಂದಿಷ್ಟೇ ತೆರೆಯುತ್ತದೆ, ಒಂದು ಸಣ್ಣ ಕೈ ಬಂದು ಪೆಟ್ಟಿಗೆ ಎಳೆದುಕೊಳ್ಳುತ್ತದೆ.

“ಏನಣ್ಣ ದೋಲ್‌ಸ್ವೆ, ಇವತ್ತು ಎಷ್ಟು ಜನದ ಮೂಳೆ ಮುರಿದೆ?” ಅಂತ ನಾನು ರೇಗಿಸುತ್ತಿದ್ದೆ.

“ಮೊದ್ಲು ನಿನ್ನ ಮೂಳೆ ಮುರೀತೀನಿ, ಕಾಲು ತೊಳ್ಕೊಂಡ್ ಬಾ ಮುಂಡೇದೆ,” ಅನ್ನುತ್ತಿದ್ದಳು.

ಮೊನ್ನೆ ನನ್ನದೇ ವ್ಯಾನಿನಲ್ಲಿ ನನ್ನದೇ ಮನೆಗೆ ಒಂದು ಪಾರ್ಸೆಲ್ ಇತ್ತು. ಅದರ ಮೇಲೆ ಮಾ ದೋಲ್‌ಸ್ವೆ ಅಂತಿರಲಿಲ್ಲ. ಬಾಂಗ್ ಮಿರಾನ್. ಅಕ್ಕನ ನಿಜ ಹೆಸರು. ಊರಿಂದ ಅವ್ವನೇ ಕಳಿಸಿರಬೇಕು ಅಂದುಕೊಂಡು, ಅವ್ವನಿಗೆ ವಿಳಾಸ ಗೊತ್ತಿಲ್ಲ ಅನ್ನುವುದೂ ಹೊಳೆಯದೆ, ನಗುನಗುತ್ತಾ ಅಕ್ಕನ ಕೈಗೆ ಕೊಟ್ಟೆ. ಅವಳು ಬಿಚ್ಚಿದಳು. ಒಳಗೆ ಹೊಸ್ತಿಲಲ್ಲಿ ಬಿದ್ದಿದ್ದ ಆ ಚಪ್ಪಲಿ. ಅಕ್ಕ ಹೋಗಿ ಬಾಗಿಲ ಚಿಲಕ ಹಾಕಿದಳು.

“ಇಲ್ಲಿ ನೋಡಿ ಸಾರ್,” ಅಂತ ನೋ ಸಾಹೇಬನಿಗೆ ಡಬ್ಬದ ಮೇಲಿನ ಚೀಟಿ ತೋರಿಸಿದೆ. “‘ನಾಯಿ ಇದೆ, ಬಾಗಿಲಲ್ಲೇ ಇಟ್ಟು ಹೋಗಿ.’ ನಮ್ಮನೇಲಿ ನಾಯೀನೂ ಇಲ್ಲ ನರೀನೂ ಇಲ್ಲ. ಅಕ್ಕ ಹೆದರ್ಕೊಂಡು ಬರೆದ ಸುಳ್ಳದು. ನಿಮ್ಮ ಅಂಗಡೀಲಿ ಸಾಮಾನು ತರಿಸ್ವಾಗ ಬಿಟ್ರೆ ಇನ್ನೆಲ್ಲೂ ಬರೆದಿಲ್ಲ, ಈಗ ಅವಳ ಗಂಡ ಕಳಿಸಿದ ಡಬ್ಬದ ಮೇಲದೆ. ಆ ಸುಳ್ಳು ನಾಯೀನೂ ಸೇರಿಸಿ ಮಾರಿದೀರಲ್ಲ!”

“ಮಾರೋದು ಗೀರೋದು ಅಂದ್ರೆ ಹಲ್ಲುದುರಿಸ್ತೀನಿ. ಪಾಲುದಾರ ಕಂಪನಿಗಳ ಜೊತೆ ಹಂಚ್ಕೊಂಡಿದೀವಿ.” ಅವನು ಕಂಪ್ಯೂಟರ್ ಪರದೆ ನನ್ನ ಕಡೆ ತಿರುಗಿಸಿದ. “ಅಕ್ಕಿ ಮೂಟೆ ರಿಯಾಯಿತಿ ಬೇಕು ಅಂತ ‘ಎಲ್ಲದಕ್ಕೂ ಒಪ್ಪಿಗೆ’ ಒತ್ತಿದ್ದು ಯಾರು? ನಿಮ್ಮಕ್ಕ. ಬರೆದಿರೋದನ್ನ ಓದ್ಬೇಕಪ್ಪ. ಕಣ್ಣಿಲ್ವಾ?”

“ಒತ್ತದಿದ್ರೆ ಮುಂದಕ್ಕೇ ಹೋಗಲ್ವಲ್ಲ ಸಾರ್! ಮೊಬೈಲ್ ನಂಬರಿಂದ ನಿಜ ಹೆಸರೂ ನೀವೇ ಕಿತ್ಕೊಂಡ್ರಿ.”

“ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ. ಮುಂದೆ ಅವರು ಯಾರಿಗೆ ಕೊಟ್ರೋ ನಮಗೆ ಸಂಬಂಧ ಇಲ್ಲ.”

“ಯಾರ್ಯಾರು ಆ ಪಾಲುದಾರರು?”

“ಅದು ಕಂಪನಿ ಗುಟ್ಟು.”

ಹೀಗಂದು ಆ ಬೋಳಿಮಗ ಚಪ್ಪಲಿ ಇಟ್ಟಿದ್ದ ಜಾಗವನ್ನು ಒದ್ದೆ ಕಾಗದದಿಂದ ಒರೆಸತೊಡಗಿದ.

ಅಲ್ಲಿಂದ ಬಂದು ಪೊಲೀಸ್ ಠಾಣೆಗೆ ಅಕ್ಕನನ್ನೂ ಕರೆದುಕೊಂಡು ಹೋದೆ. ಅವಳ ಬೆರಳುಗಳೆಲ್ಲ ಕೋಸು ತೊಳೆಯುವ ಉಪ್ಪುನೀರಿಗೆ ಸೀಳಿಹೋಗಿದ್ದವು. ಅಲ್ಲಿದ್ದ ದಫೇದಾರ ನೂಡಲ್ಸ್ ಹೀರುತ್ತಲೇ ಕೇಳಿಸಿಕೊಂಡ.

“ಇಂಥ ವಿಳಾಸ ಹುಡುಕಿ ಕೊಡೋ ಆಫೀಸುಗಳು ಸಂದಿಗೊಂದಿವೆ ಕಣಮ್ಮ. ಹೆಸರು ಕೊಟ್ರೆ ಸಾಕು. ಅದಿರ್ಲಿ, ಗಂಡ ಹೊಡೆದ್ನಾ?”

“ಇನ್ನೂ ಬಂದಿಲ್ಲ.”

“ಬರೀ ಚಪ್ಪಲಿ ಕಳಿಸಿದ. ಒಂದ್ಸಲ ಕಳಿಸಿದ್ರೆ ಕೇಸಾಗಲ್ಲ. ಮತ್ತೆ ಮತ್ತೆ ಕಳಿಸ್ಬೇಕು. ಇನ್ನೊಂದು ಬರ್ಲಿ, ಆಮೇಲ್ ಬಾ.”

“ಇನ್ನೊಂದು ಕಿತ ಅವನೇ ಬತ್ತಾನೆ ಸ್ವಾಮಿ,” ಅಂದಳು ಅಕ್ಕ. “ಆಗ ನಾ ಬರಾಕಾಯ್ತದಾ? ನನ್ನ ಹೊತ್ಕೊಂಬರಬೇಕಾಯ್ತದೆ.”

ದಫೇದಾರ ಸಾರು ಕುಡಿದು ಮುಗಿಸಿದ.

ಮನೆಗೆ ಬಂದವನೇ ನಾನು ಬಟ್ಟೆ ಗಂಟು ಕಟ್ಟತೊಡಗಿದೆ. “ನಡಿ, ಬುಸಾನ್ ಕಡೆ ಹೋಗೋವ.”

“ಹೋಗಿ?”

“ಹೋಗಿ ಅಂದ್ರೆ? ಹೊಸ ಮನೆ ನೋಡನ.”

“ಅಲ್ಲೂ ಅಕ್ಕಿ ಬೇಕಲ್ಲೇನ್ಲಾ. ಅಲ್ಲೂ ಮೊಬೈಲ್ ಬೇಕು. ಅಲ್ಲೂ ಅದೇ ಗುಂಡಿ ಒತ್ತಬೇಕು. ಎಷ್ಟು ಬಿಲ ಅಂತ ತೋಡ್ಲಿ? ನಾನೇನ್ ಹೆಗ್ಗಣಾನಾ?” ಗಂಟನ್ನು ಕಿತ್ತು ಬಿಸಾಡಿದಳು. “ನಂದೊಂದು ಹೆಸರು, ಅದೂ ಅವನ್ಯಾವನಿಗೋ ಸರಕು. ಒಂದು ದೊಡ್ಡ ರಟ್ಟು ತತ್ತಾ. ದಪ್ಪ ಪೆನ್ನೂ ತತ್ತಾ.”

ಮಾರನೇ ದಿನ ಮಧ್ಯಾಹ್ನ ಆ ಕಂಪನಿಯ ಬಾಗಿಲ ಮುಂದೆ ಅಕ್ಕ ಒಬ್ಬಳೇ ನಿಂತಳು. ಒಬ್ಬರೇ ನಿಂತರೆ ಅನುಮತಿ ಬೇಕಿಲ್ಲ, ಇಬ್ಬರಾದರೆ ಗುಂಪು ಅನ್ನುತ್ತಾರೆ. ಅದಕ್ಕೆ ನಾನು ದೂರ ವ್ಯಾನಿನ ಪಕ್ಕ ನಿಂತೆ. ಅವಳ ಎದೆಯ ಮೇಲಿನ ರಟ್ಟಿನಲ್ಲಿ ಹೀಗಿತ್ತು:

‘ನಾನು ಬಾಂಗ್ ಮಿರಾನ್.’ ಅದರ ಕೆಳಗೆ ಬೀದಿ, ಮನೆ ನಂಬರು, ನೆಲಮಾಳಿಗೆ ಎಲ್ಲ. ‘ನನ್ನ ಕೊಲ್ಲೋನಿಗೆ ಈ ಕಂಪನಿ ಇದನ್ನು ತಲುಪಿಸಿತು. ಕಾನೂನು ಪ್ರಕಾರ ಸರಿ ಅಂದವರು ನೋ ಜಿನ್‌ಬೇ. ನಿಮ್ಮ ವಿಳಾಸವೂ ಇವರ ಹತ್ತಿರ ಇದೆ. ಈ ಕಾನೂನು ಬದಲಾಗಲಿ.’

ಊಟಕ್ಕೆ ಇಳಿದ ಸೂಟುಬೂಟಿನವರು ನಿಂತು ಓದಿದರು. ಕೆಲವರು ಫೋಟೋ ಹೊಡೆದುಕೊಂಡರು. ಒಬ್ಬಳು ಹುಡುಗಿ ಅಕ್ಕನ ಕೈಗೆ ಬಿಸಿ ಕಾಫಿ ಕೊಟ್ಟು ಹೋದಳು.

ನೋ ಸಾಹೇಬ ಓಡಿ ಬಂದ. ಮುಖ ಮೆಣಸಿನಪುಡಿ ಎರಚಿದ ಹಾಗಿತ್ತು.

“ಯಾರನ್ನ ಕೇಳಿ ನನ್ನ ಹೆಸರು ಹಾಕ್ದೆ? ಬೀದೀಲಿ ನಾಲ್ಕು ಜನ ನೋಡೋ ಹಾಗೆ! ನನಗೂ ಹೆಂಡ್ತಿ ಮಕ್ಕಳಿದಾರೆ! ನನ್ನ ಖಾಸಗಿ ವಿಷಯ ಕಣೇ ಇದು!”

“ನಿಮ್ಮ ಮೇಜಿನ್ ಮ್ಯಾಲೇ ಇತ್ತಂತಲ್ಲ ಸ್ವಾಮಿ. ನನ್ನ ತಮ್ಮ ಓದ್ಕೊಂಬಂದ,” ಅಂದಳು ಅಕ್ಕ.

ಜನ ನಕ್ಕರು. ಅವನು ಪೊಲೀಸರಿಗೆ ಫೋನು ಮಾಡಿದ. ನಮ್ಮ ಹೆನಾಮ್ ಹೆಂಗಸರು ಒದೆ ತಿಂದು ಕರೆದರೆ ಬಾರದ ಪೊಲೀಸರು ಅವನ ಫೋನು ಜೇಬಿಗೆ ಸೇರುವಷ್ಟರಲ್ಲಿ ಬಂದರು. ಕಪ್ಪು ಟೇಪು ಹರಿದು, ಅಕ್ಕನ ಎದೆಯ ಮೇಲೇ ಒತ್ತಿ, ನೋ ಜಿನ್‌ಬೇ ಅನ್ನುವುದನ್ನು ಒಂದು ಅಕ್ಷರವೂ ಕಾಣದ ಹಾಗೆ ಮುಚ್ಚಿದರು.

ನಾನು ತಡೆಯಲಾಗದೆ ನುಗ್ಗಿದೆ. “ಲೇ, ಆ ಟೇಪಲ್ಲಿ ನಮ್ಮಕ್ಕನ ಅಡ್ರೆಸ್ಸೂ ಮುಚ್ಚಬೌದಿತ್ತಲ್ವೇನ್ರೋ!”

“ಅದನ್ನ ಅವಳೇ ಬರ್ಕೊಂಡಿರೋದು,” ಅಂದ ಪೊಲೀಸಿನವನು, ಟೇಪು ಸುತ್ತಿಕೊಳ್ಳುತ್ತಾ. “ಅವಳ ಒಪ್ಪಿಗೆ ಇದೆ ಅಂತಾಯ್ತಲ್ಲ.”

ಗಾಡಿ ಹತ್ತಿ ಹೊರಟುಹೋದರು. ನೋ ಸಾಹೇಬ ಟೈ ಸರಿಮಾಡಿಕೊಂಡು ಊಟಕ್ಕೆ ಹೋದ.

ಅಕ್ಕನ ಕಣ್ಣು ರಸ್ತೆಯಾಚೆಗೆ ನೆಟ್ಟಿತ್ತು. ನಾನೂ ತಿರುಗಿದೆ. ಸಿಗ್ನಲ್ಲಿನ ಕೆಳಗೆ, ಜನರ ನಡುವೆ, ಜೇಬಿನೊಳಗೆ ಎರಡೂ ಕೈ ಇಳಿಬಿಟ್ಟುಕೊಂಡು ಅವಳ ಗಂಡ ಚಾಂಗ್‌ಸಿಕ್ ನಿಂತಿದ್ದ. ಮನೆಯಿಂದಲೇ ನಮ್ಮ ಹಿಂದೆ ಬಂದಿರಬೇಕು. ಅವನೂ ಓದುತ್ತಿದ್ದ.

“ಅಕ್ಕ, ವ್ಯಾನ್ ಹತ್ತು.”

“ನೀ ಸುಮ್ಕಿರು.”

ದೀಪ ಹಸಿರಾಯಿತು. ಜನ ರಸ್ತೆಗಿಳಿದರು. ಅವನೂ ಇಳಿದ. ಅಕ್ಕ ರಟ್ಟನ್ನು ಕುತ್ತಿಗೆಯಿಂದ ಬಿಚ್ಚಿ, ಸೀಳಿದ ಬೆರಳುಗಳಲ್ಲಿ ಹಿಡಿದು, ಎಲ್ಲರಿಗೂ ಕಾಣುವ ಹಾಗೆ ತಲೆಯ ಮೇಲಕ್ಕೆ ಎತ್ತಿದಳು.